ಮಾಹಿತಿಯ ಜೊತೆಗೆ ಅದರ ವೇಳೆಯೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮೊಬೈಲ್ ಆ್ಯಪ್‌ಗಳು ನಿಧಾನವಾಗಿ ತೆರೆದುಕೊಳ್ಳುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅಂತರ್ಜಾಲದ ವೇಗ ಹೆಚ್ಚಿದರೆ ಆ್ಯಪ್‌ಗಳ ತೊಂದರೆಯೆಲ್ಲ ತಾನಾಗಿಯೇ ನೀಗುತ್ತದೆ ಎಂಬುದು ಆ ಲೇಖನದ ಒಟ್ಟು ಅಭಿಪ್ರಾಯ. ಆ್ಯಪ್‌ಗಳಿಗೆ ಅಂತರ್ಜಾಲದ ಮೂಲಕ ದತ್ತಾಂಶ ತಲುಪಿಸುವ ವ್ಯವಸ್ಥೆಗಳನ್ನು ಕಟ್ಟುವ, ಅವು ಕೆಟ್ಟಾಗ ನಡುರಾತ್ರಿ ಎದ್ದು ಸರಿಪಡಿಸುವ ಕೆಲಸದಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ನನಗೆ ಈ ಮಾತು ಅರ್ಧ ಸತ್ಯ ಎನಿಸಿತು. ಬಳಕೆದಾರರನ್ನು ನಿಜವಾಗಿ ದಾರಿ ತಪ್ಪಿಸುವುದು ತಡವಾಗಿ ಬಂದ ಮಾಹಿತಿಗಿಂತ ಹೆಚ್ಚಾಗಿ, ಬೇಗ ಬಂದೂ ಹಳತಾಗಿರುವ ಮಾಹಿತಿ. ತಡವಾದದ್ದು ಕಣ್ಣಿಗೆ ಕಾಣುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತಿರುತ್ತದೆ, ಕಾಯುತ್ತಿರುವವರಿಗೆ ತಾವು ಕಾಯುತ್ತಿದ್ದೇವೆಂಬುದು ಗೊತ್ತಿರುತ್ತದೆ. ಹಳತಾದದ್ದು ಹೊಸದರ ವೇಷದಲ್ಲೇ ಬಂದು ಕೂರುತ್ತದೆ. ಆ ವೇಷದ ಬಗ್ಗೆ ಬರೆಯುವುದು ಅಗತ್ಯವೆನಿಸಿತು. ಪತ್ರ ಉದ್ದವಾಗಿರುವುದಕ್ಕೆ ಕ್ಷಮೆಯಿರಲಿ.

ಫೋನಿನ ಪರದೆಯ ಮೇಲೆ ಕಾಣುವ ಯಾವ ಅಂಕಿಯೂ ಮೂಲದ್ದಲ್ಲ, ಎಲ್ಲವೂ ನಕಲು. ಮೂಲವಿರುವುದು ಎಲ್ಲೋ ಒಂದು ದತ್ತಾಂಶ ಕೇಂದ್ರದ ಡೇಟಾಬೇಸ್‌ನಲ್ಲಿ; ನಮಗೆ ತಲುಪುವ ಹೊತ್ತಿಗೆ ಅದು ಎರಡು, ಮೂರು, ಕೆಲವೊಮ್ಮೆ ಐದಾರು ಕೈ ದಾಟಿರುತ್ತದೆ, ಮತ್ತು ಆ ಒಂದೊಂದು ಕೈಯೂ ತನ್ನ ಬಳಿ ಒಂದು ನಕಲನ್ನು ಉಳಿಸಿಕೊಂಡಿರಬಹುದು. ಇದು ಯಾರ ಸೋಮಾರಿತನವೂ ಅಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರುವ 20,000 ಕಿಲೋಮೀಟರ್‌ಗೆ ಕನಿಷ್ಠ 100 ಮಿಲಿಸೆಕೆಂಡ್ ಬೇಕು. ಫೋನಿಗೂ ಸರ್ವರ್‌ಗೂ ನಡುವೆ ಟಿಸಿಪಿ ಎಂಬ ಸಂಪರ್ಕ ಏರ್ಪಡಲು ಒಂದು ಸುತ್ತು, ಗೂಢಲಿಪಿಯ ಕೀಲಿಗಳನ್ನು ಒಪ್ಪಿಕೊಳ್ಳಲು ಇನ್ನೊಂದು ಸುತ್ತು, ಕೇಳಿದ್ದಕ್ಕೆ ಉತ್ತರ ಬರಲು ಮತ್ತೊಂದು ಸುತ್ತು ಎಂದು ಲೆಕ್ಕ ಹಾಕಿದರೆ, ಮೊದಲ ಅಕ್ಷರ ಪರದೆಗೆ ಬರುವ ಮುನ್ನವೇ 300 ಮಿಲಿಸೆಕೆಂಡ್ ಕಳೆದಿರುತ್ತದೆ. ಎಷ್ಟೇ ಸಾಮರ್ಥ್ಯದ ಕೇಬಲ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ. ಸಾಮರ್ಥ್ಯ ಹೆಚ್ಚಿದರೆ ಒಮ್ಮೆಗೆ ಹೆಚ್ಚು ಬಿಟ್‌ಗಳು ಹೋಗುತ್ತವೆಯೇ ಹೊರತು ಒಂದೊಂದು ಬಿಟ್ ಬೇಗ ಹೋಗಿ ಮುಟ್ಟುವುದಿಲ್ಲ. 2021ರಲ್ಲಿ ಮಾನಕವಾದ ಕ್ವಿಕ್ ಎಂಬ ಪ್ರೊಟೊಕಾಲ್ (ಯಂತ್ರಗಳು ಪರಸ್ಪರ ಮಾತಾಡುವ ನಿಯಮಾವಳಿ) ಮೊದಲ ಎರಡು ಸುತ್ತುಗಳನ್ನು ಒಂದಾಗಿಸಿ ಒಂದಿಷ್ಟು ಸಮಯ ಉಳಿಸಿತು, ಆದರೆ ದೂರವನ್ನು ಅದೂ ಕಡಿಮೆ ಮಾಡಲಾರದು. ಹಾಗಾಗಿ ದತ್ತಾಂಶವನ್ನೇ ಕೇಳುವವರ ಹತ್ತಿರಕ್ಕೆ ತಂದಿಡಬೇಕಾಗುತ್ತದೆ. ತಂದಿಟ್ಟ ಕ್ಷಣದಿಂದ ಆ ನಕಲಿಗೆ ವಯಸ್ಸಾಗತೊಡಗುತ್ತದೆ.

ಈ ವಯಸ್ಸಿನ ಪ್ರಶ್ನೆ ಅಂತರ್ಜಾಲದಷ್ಟೇ ಹಳೆಯದು. ಆರಂಭದ ದಿನಗಳಲ್ಲಿ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸಗಳು ಒಂದೇ ಒಂದು ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮಾಹಿತಿ ಕೇಂದ್ರ ಆ ಕಡತವನ್ನು ನೋಡಿಕೊಳ್ಳುತ್ತಿತ್ತು. ಉಳಿದವರೆಲ್ಲ ಆಗಾಗ ಅಲ್ಲಿಂದ ಅದರ ನಕಲನ್ನು ಇಳಿಸಿಕೊಳ್ಳಬೇಕಿತ್ತು. ಕಂಪ್ಯೂಟರ್‌ಗಳು ಹೆಚ್ಚಿದಂತೆ ಕಡತ ಉದ್ದವಾಯಿತು, ಇಳಿಸಿಕೊಳ್ಳುವವರ ಸಂಖ್ಯೆಯೂ ಹೆಚ್ಚಿತು, ಎಲ್ಲರೂ ಇಳಿಸಿಕೊಂಡು ಮುಗಿಸುವಷ್ಟರಲ್ಲಿ ಕಡತ ಮತ್ತೆ ಬದಲಾಗಿರುತ್ತಿತ್ತು. ಇದಕ್ಕೆ ಪರಿಹಾರವಾಗಿ 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ, ಹೆಸರು ಕೇಳಿದರೆ ವಿಳಾಸ ಹೇಳುವ ಡಿಎನ್‌ಎಸ್ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ. ಹೆಸರುಗಳ ಜವಾಬ್ದಾರಿಯನ್ನು ಕೊಂಬೆ ಕೊಂಬೆಗೆ ಹಂಚಿದ್ದು ಅದರ ಪ್ರಸಿದ್ಧ ಗುಣ. ನನ್ನ ಮಟ್ಟಿಗೆ ಅದರ ದೊಡ್ಡತನ ಇನ್ನೊಂದರಲ್ಲಿದೆ: ಕೊಡುವ ಒಂದೊಂದು ಉತ್ತರದ ಜೊತೆಗೂ ಅದು ಒಂದು ಆಯುಷ್ಯವನ್ನು ಕಟ್ಟಿ ಕಳಿಸುತ್ತದೆ. ಈ ವಿಳಾಸವನ್ನು ಇಷ್ಟು ಸೆಕೆಂಡುಗಳ ಕಾಲ ನೆನಪಿಟ್ಟುಕೊಳ್ಳಬಹುದು, ಆಮೇಲೆ ಮತ್ತೆ ಬಂದು ಕೇಳಬೇಕು ಎಂಬ ಆ ಸೂಚನೆಯನ್ನು ನಾವು ಟಿಟಿಎಲ್ ಎಂದು ಕರೆಯುತ್ತೇವೆ. ನಕಲನ್ನು ಕೊಡುವವನೇ ಅದರ ಅವಧಿಯನ್ನೂ ಹೇಳಬೇಕೆಂಬ ಶಿಸ್ತು ಅಂದೇ ಇತ್ತು.

ಶಿಸ್ತು ಇದ್ದರೂ ಕೈ ತಪ್ಪುತ್ತದೆ. ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ತಂಡ ಒಂದು ಸೇವೆಯನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಬೇಕಿತ್ತು. ಅದರ ಹೆಸರಿನ ಟಿಟಿಎಲ್ 86,400 ಸೆಕೆಂಡ್, ಅಂದರೆ ಸರಿಯಾಗಿ ಒಂದು ದಿನ. ಸ್ಥಳಾಂತರಕ್ಕೆ ಒಂದು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ, ಲೋಕಕ್ಕೆಲ್ಲ ಆ ಸುದ್ದಿ ಹಬ್ಬಲು ಬಿಟ್ಟು, ನಂತರ ವಿಳಾಸ ಬದಲಿಸುವುದು ವಾಡಿಕೆ. ನಾನು ಇಳಿಸಿದ್ದು ಒಂದು ಗಂಟೆ ಮೊದಲು. ಹಿಂದಿನ ದಿನವೇ ನಮ್ಮ ವಿಳಾಸವನ್ನು ಕೇಳಿ ತಿಳಿದುಕೊಂಡಿದ್ದ ಡಿಎನ್‌ಎಸ್ ಸರ್ವರ್‌ಗಳಿಗೆ ಮತ್ತೆ ಕೇಳುವ ಅಗತ್ಯವೇ ಇರಲಿಲ್ಲ. ಅವುಗಳ ಲೆಕ್ಕದಲ್ಲಿ ಹಳೆಯ ಉತ್ತರಕ್ಕೆ ಇನ್ನೂ ಅರ್ಧ ದಿನದ ಆಯುಷ್ಯವಿತ್ತು. ಮುನ್ನೆಚ್ಚರಿಕೆಯೆಂದು ಹಳೆಯ ಸರ್ವರನ್ನು ನಿಲ್ಲಿಸದೆ ಬಿಟ್ಟಿದ್ದೆವು, ಅದೇ ಮುಳುವಾಯಿತು. ಅದು ಎಲ್ಲರಿಗೂ ಸೊಗಸಾಗಿ ಉತ್ತರ ಕೊಡುತ್ತಲೇ ಇತ್ತು, ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಿಂತುಹೋಗಿದ್ದ ದತ್ತಾಂಶದಿಂದ.

ಬೆಳಿಗ್ಗೆ ಬಳಕೆದಾರರೊಬ್ಬರು ಕರೆ ಮಾಡಿದರು. ಅವರೂ ಅವರ ತಮ್ಮನೂ ಒಂದೇ ಕೋಣೆಯಲ್ಲಿ ಕೂತಿದ್ದರಂತೆ. ಅಣ್ಣ ಬೆಳಿಗ್ಗೆ ಮಾಡಿದ ಬದಲಾವಣೆ ಅವರ ಫೋನಿನಲ್ಲಿ ಕಾಣುತ್ತಿದೆ, ತಮ್ಮನ ಫೋನಿನಲ್ಲಿ ಇಲ್ಲ. ಎಷ್ಟು ಸಲ ಮುಚ್ಚಿ ತೆರೆದರೂ ಇಲ್ಲ. ಒಬ್ಬರದು ಮನೆಯ ವೈಫೈ, ಇನ್ನೊಬ್ಬರದು ಮೊಬೈಲ್ ಡೇಟಾ ಎಂದು ತಿಳಿದಾಗ ನನಗೆ ಅರ್ಥವಾಯಿತು. ಎರಡು ಫೋನ್‌ಗಳೂ ಎರಡು ಬೇರೆ ಡಿಎನ್‌ಎಸ್ ಸರ್ವರ್‌ಗಳನ್ನು ವಿಚಾರಿಸುತ್ತಿದ್ದವು, ಒಂದು ಹೊಸ ವಿಳಾಸವನ್ನು ಹೇಳುತ್ತಿತ್ತು, ಇನ್ನೊಂದು ಹಳೆಯದನ್ನು. ಆ ದಿನ ನನ್ನನ್ನು ಕಾಡಿದ್ದು ತಪ್ಪಾಯಿತೆಂಬುದಕ್ಕಿಂತ, ಎಲ್ಲಿಯೂ ತಪ್ಪಿನ ಸುಳಿವೇ ಇರಲಿಲ್ಲವೆಂಬುದು. ತಮ್ಮನ ಪರದೆಯ ಮೇಲೆ ಕೆಂಪು ಅಕ್ಷರವಿಲ್ಲ, ಎಚ್ಚರಿಕೆಯಿಲ್ಲ, ಅಂಕಿಗಳು ಸಾಲಾಗಿ ಕುಳಿತಿವೆ. ಆ ಪರದೆಯ ಒಂದು ಮೂಲೆಯಲ್ಲಿ ‘ನಿನ್ನೆ ರಾತ್ರಿ 11 ಗಂಟೆಯ ಮಾಹಿತಿ’ ಎಂಬ ಒಂದು ಸಾಲು ಇದ್ದಿದ್ದರೆ ಅವರು ನಮಗೆ ಕರೆ ಮಾಡುವ ಮುನ್ನವೇ ವಿಷಯ ತಿಳಿಯುತ್ತಿತ್ತು. ಆ ಸಾಲನ್ನು ಹಾಕುವುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಜಾಲತಾಣಗಳ ಮತ್ತು ಆ್ಯಪ್‌ಗಳ ದತ್ತಾಂಶವನ್ನು ಊರೂರಿಗೆ ಹತ್ತಿರ ತಂದಿಡುವ ವಿತರಣಾ ಜಾಲಗಳ ವಿಷಯಕ್ಕೆ ಬಂದರೆ, ನಕಲುಗಳನ್ನು ಕೂಡಿಟ್ಟುಕೊಳ್ಳುವ ಸಾವಿರಾರು ‘ಕ್ಯಾಶ್’ ಸರ್ವರ್‌ಗಳಲ್ಲಿ ಯಾವ ನಕಲು ಎಲ್ಲಿರಬೇಕು, ಒಂದು ಸರ್ವರ್ ಕೆಟ್ಟರೆ ಉಳಿದವುಗಳನ್ನು ಅಲ್ಲೋಲ ಕಲ್ಲೋಲ ಮಾಡದೆ ಅದರ ಪಾಲನ್ನು ಹಂಚುವುದು ಹೇಗೆ ಎಂಬುದಕ್ಕೆ ಎಂಐಟಿಯ ಡೇವಿಡ್ ಕಾರ್ಗರ್ ಮತ್ತು ಸಂಗಡಿಗರು 1997ರಲ್ಲಿ ಒಂದು ಚೆಂದದ ಗಣಿತವನ್ನು ಮುಂದಿಟ್ಟರು. ಆ ಸಂಗಡಿಗರಲ್ಲಿದ್ದ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ ಮರುವರ್ಷವೇ ಅಕಮೈ ಸಂಸ್ಥೆಯನ್ನು ಕಟ್ಟಿದರು. ಈಗ ಇಂಥ ಜಾಲಗಳು ಹಲವಿವೆ, ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ. ನಕಲು ಎಲ್ಲಿದೆ ಎಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಯಾವಾಗಿನದು ಎಂಬುದು ಉಳಿದಿದೆ.

ವಿಚಿತ್ರವೆಂದರೆ ಆ ಪ್ರಶ್ನೆಗೂ ಉತ್ತರ ನಮ್ಮ ಕೈಗೆ ಬಂದೇ ಬರುತ್ತದೆ, ನಾವು ಅದನ್ನು ಎಸೆದುಬಿಡುತ್ತೇವೆ. ಆ್ಯಪ್‌ಗಳು ಬಳಸುವ ಎಚ್‌ಟಿಟಿಪಿ ಪ್ರೊಟೊಕಾಲ್‌ನಲ್ಲಿ ಉತ್ತರದ ಮೈ ಬೇರೆ, ತಲೆ ಬೇರೆ. ಮೈಯಲ್ಲಿ ನಾವು ಕೇಳಿದ ಮಾಹಿತಿ, ತಲೆಯಲ್ಲಿ ಅದರ ಜಾತಕ: ಯಾವ ಬಗೆಯದು, ಎಷ್ಟು ಉದ್ದದ್ದು, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಇತ್ಯಾದಿ. 1997ರ ಆವೃತ್ತಿಯಿಂದಲೇ ಆ ತಲೆಯಲ್ಲಿ ‘ಏಜ್’ (ವಯಸ್ಸು) ಎಂಬ ಒಂದು ಸಾಲು, ಅಂದರೆ ಹೆಡರ್, ಇದೆ. ನಡುವೆ ಇರುವ ಕ್ಯಾಶ್ ತನ್ನ ಬಳಿ ಇದ್ದ ನಕಲನ್ನು ಕೊಡುವಾಗ, ಮೂಲ ಸರ್ವರ್‌ನಿಂದ ಹೊರಟ ಅಥವಾ ಅಲ್ಲಿ ಮತ್ತೆ ಖಚಿತಪಡಿಸಿಕೊಂಡ ಮೇಲೆ ಆ ನಕಲಿಗೆ ಎಷ್ಟು ಸೆಕೆಂಡ್ ಆಯಿತೆಂದು ಅದರಲ್ಲಿ ಬರೆಯುತ್ತದೆ. ಏಜ್ 5,400 ಎಂದಿದ್ದರೆ ಒಂದೂವರೆ ಗಂಟೆ ಹಳೆಯದು ಎಂದು ಅರ್ಥ. ಇಷ್ಟು ಸ್ಪಷ್ಟವಾಗಿ ಬಂದ ವಯಸ್ಸನ್ನು ಆ್ಯಪ್ ಓದುವುದೇ ಇಲ್ಲ. ಮೈಯನ್ನು ಮಾತ್ರ ಎತ್ತಿಕೊಂಡು ತಲೆಯನ್ನು ಕಸದ ಬುಟ್ಟಿಗೆ ಹಾಕುತ್ತದೆ.

ಇದಕ್ಕಿಂತ ಖೇದದ ಇನ್ನೊಂದು ಕಥೆಯಿದೆ. ಅದೇ ಪ್ರೊಟೊಕಾಲ್‌ನಲ್ಲಿ ‘ವಾರ್ನಿಂಗ್’ ಎಂಬ ಮತ್ತೊಂದು ಹೆಡರ್ ಇತ್ತು. 1999ರ ಆವೃತ್ತಿಯಲ್ಲಿ ಅದರ 110ನೇ ಸಂಖ್ಯೆಯ ಅರ್ಥ, ‘ಈ ಉತ್ತರ ಅವಧಿ ಮೀರಿದ್ದು’. ಅವಧಿ ಮೀರಿದ ನಕಲನ್ನು ಕೊಡಲೇಬೇಕಾಗಿ ಬಂದರೆ ಕ್ಯಾಶ್ ಈ ಎಚ್ಚರಿಕೆಯನ್ನು ಅಂಟಿಸಿ ಕೊಡಲಿ, ಓದುವವರಿಗೆ ಅದು ತಿಳಿಯಲಿ ಎಂಬುದು ಉದ್ದೇಶ. 2022ರಲ್ಲಿ ಹೊರಬಂದ ಪರಿಷ್ಕೃತ ಮಾನಕ ಆ ಹೆಡರನ್ನೇ ಕೈಬಿಟ್ಟಿತು. ಕೊಟ್ಟ ಕಾರಣ ಸರಳ: ಅದನ್ನು ಕಳಿಸುವವರೂ ಹೆಚ್ಚಿಲ್ಲ, ಬಂದರೂ ಬಳಕೆದಾರರಿಗೆ ತೋರಿಸುವವರಿಲ್ಲ, ಬೇಕಾದರೆ ಏಜ್ ಮುಂತಾದವನ್ನು ನೋಡಿ ತಿಳಿದುಕೊಳ್ಳಬಹುದು. ಮಾನಕ ಬರೆದವರನ್ನು ನಾನು ದೂರುವುದಿಲ್ಲ. ಎರಡು ದಶಕಗಳ ಕಾಲ ಯಾರೂ ಬಾರಿಸದ ಗಂಟೆಯನ್ನು ಅವರು ಇಳಿಸಿಟ್ಟರು, ಅಷ್ಟೇ. ಬಾರಿಸದೇ ಇದ್ದವರು ನಾವು, ಆ್ಯಪ್ ಬರೆಯುವವರು.

ಹಳೆಯ ನಕಲನ್ನು ಕೊಡುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಎಷ್ಟೋ ಸಲ ಅದೇ ಸರಿಯಾದ ಕ್ರಮ. ಬಹಳ ಜನ ನೋಡುವ ಒಂದು ಪುಟದ ನಕಲಿನ ಅವಧಿ ಮುಗಿದ ಕ್ಷಣದಲ್ಲಿ ಸಾವಿರಾರು ಕೋರಿಕೆಗಳು ಒಮ್ಮೆಲೇ ಮೂಲ ಸರ್ವರ್ ಮೇಲೆ ಮುಗಿಬೀಳುತ್ತವೆ, ಅದು ಕುಸಿದರೆ ಹೊಸದೂ ಇಲ್ಲ, ಹಳೆಯದೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಆದ್ದರಿಂದಲೇ 2010ರಲ್ಲಿ, ಅವಧಿ ಮೀರಿದ ನಕಲನ್ನು ಸದ್ಯಕ್ಕೆ ಕೊಟ್ಟು ಹಿಂದಿನಿಂದ ಹೊಸದನ್ನು ತರಿಸಿಕೊಳ್ಳಬಹುದೆಂಬ ಸೌಲಭ್ಯ ಎಚ್‌ಟಿಟಿಪಿಗೆ ಬಂತು. 2020ರಲ್ಲಿ ಡಿಎನ್‌ಎಸ್‌ಗೂ ಅಂಥದೇ ವಿನಾಯಿತಿ ಸಿಕ್ಕಿತು: ಮೂಲ ಸರ್ವರ್‌ಗಳು ಉತ್ತರಿಸದಿದ್ದರೆ ಆಯುಷ್ಯ ತೀರಿದ ಉತ್ತರವನ್ನೇ ಕೊಡಬಹುದು. ಎರಡೂ ವಿವೇಕದ ತೀರ್ಮಾನಗಳು. ಆದರೆ ಹೀಗೆ ಹಂತ ಹಂತದಲ್ಲಿಯೂ ಹಳತನ್ನು ಕೊಡಲು ಅನುಮತಿ ಹೆಚ್ಚುತ್ತಾ ಹೋಯಿತು, ಹಳತೆಂದು ಹೇಳುವ ವ್ಯವಸ್ಥೆ ಕಡಿಮೆಯಾಗುತ್ತಾ ಹೋಯಿತು.

ಪರದೆಯನ್ನು ಬೆರಳಿನಿಂದ ಕೆಳಗೆ ಎಳೆದು ಬಿಡುವ ಅಭ್ಯಾಸ ಈಗ ಎಲ್ಲರಿಗೂ ಇದೆ. ಎಳೆದಾಗ ಮೇಲ್ಗಡೆ ಒಂದು ಪುಟ್ಟ ಚಕ್ರ ಇಳಿದು, ಎರಡು ಸುತ್ತು ತಿರುಗಿ ಮಾಯವಾಗುತ್ತದೆ. ಕೆಲವು ಆ್ಯಪ್‌ಗಳು ‘ಈಗಷ್ಟೇ ನವೀಕರಿಸಲಾಗಿದೆ’ ಎಂದು ಬರೆಯುತ್ತವೆ. ಈ ‘ಈಗಷ್ಟೇ’ ಏನನ್ನು ಹೇಳುತ್ತದೆ? ಫೋನು ಈಗಷ್ಟೇ ಕೇಳಿತು ಎಂಬುದನ್ನು. ಕೇಳಿದ್ದಕ್ಕೆ ಉತ್ತರಿಸಿದ್ದು ಹತ್ತಿರದ ಕ್ಯಾಶ್ ಆಗಿರಬಹುದು, ಅದರ ಬಳಿ ಇದ್ದದ್ದು ಎರಡು ಗಂಟೆಯ ಹಿಂದಿನ ನಕಲಾಗಿರಬಹುದು, ಆ ನಕಲನ್ನು ಕೊಟ್ಟ ಮೂಲ ಸರ್ವರ್ ತಾನೂ ಇನ್ನೊಂದು ಸಂಸ್ಥೆಯ ಸರ್ವರ್‌ನಿಂದ ದಿನಕ್ಕೊಮ್ಮೆ ಮಾತ್ರ ದತ್ತಾಂಶ ತರಿಸಿಕೊಳ್ಳುತ್ತಿರಬಹುದು. ಮಧ್ಯಾಹ್ನ ಒಂದು ಗಂಟೆಗೆ ಚಕ್ರ ತಿರುಗಿಸಿದವರಿಗೆ ಒಂದು ಗಂಟೆಯ ಮುದ್ರೆ ಒತ್ತಿ ಕೊಟ್ಟ ಅಂಕಿ ನಿಜವಾಗಿ ಹಿಂದಿನ ದಿನದ್ದು. ವೇಳೆಯನ್ನೇ ಹಾಕದಿರುವುದಕ್ಕಿಂತ ಇದು ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ದಿನಾಂಕವಿಲ್ಲದ ಕಾಗದವನ್ನು ಜನ ಅನುಮಾನದಿಂದ ನೋಡುತ್ತಾರೆ, ತಪ್ಪು ದಿನಾಂಕದ ಕಾಗದವನ್ನು ನಂಬುತ್ತಾರೆ.

ಫೋನು ಕೇಳುವವರೆಗೆ ಕಾಯದೆ, ಬದಲಾವಣೆಯಾದಾಗ ಸರ್ವರ್ ತಾನೇ ಸುದ್ದಿ ಕಳಿಸಿದರೆ ಈ ತೊಡಕೇ ಇರುವುದಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಾಧುವಾದದ್ದೇ. ಒಂದು ಲಕ್ಷ ಫೋನ್‌ಗಳು 30 ಸೆಕೆಂಡಿಗೊಮ್ಮೆ ‘ಏನಾದರೂ ಬದಲಾಯಿತೇ’ ಎಂದು ಕೇಳಿದರೆ ಸರ್ವರ್ ಸೆಕೆಂಡಿಗೆ 3,300ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಬೇಕು, ಅವುಗಳಲ್ಲಿ ಬಹುಪಾಲಿಗೆ ಉತ್ತರ ‘ಇಲ್ಲ’ ಎಂದೇ. ಸಂಪರ್ಕವನ್ನು ತೆರೆದಿಟ್ಟು ಎರಡೂ ಕಡೆಯಿಂದ ಮಾತಾಡಲು ಬಿಡುವ ವೆಬ್‌ಸಾಕೆಟ್ 2011ರಲ್ಲಿ ಮಾನಕವಾದದ್ದು ಈ ವ್ಯರ್ಥವನ್ನು ತಪ್ಪಿಸಲಿಕ್ಕೇ. ಅದಕ್ಕೂ ಮೊದಲೇ, 1999ರಲ್ಲಿ, ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ತೈಲದ ಕೊಳವೆಗಳ ಮಾಪಕಗಳಿಂದ ಉಪಗ್ರಹದ ಮೂಲಕ ಮಾಹಿತಿ ತರಲು ಎಂಕ್ಯೂಟಿಟಿ ಎಂಬ ಪ್ರೊಟೊಕಾಲ್ ರೂಪಿಸಿದರು. ಉಪಗ್ರಹ ಸಂಪರ್ಕ ದುಬಾರಿಯಾದ್ದರಿಂದ ಅದರ ಕನಿಷ್ಠ ಹೆಡರ್ ಎರಡೇ ಬೈಟ್. ಇವತ್ತು ಮನೆಯ ದೀಪದಿಂದ ಹಿಡಿದು ಕಾರ್ಖಾನೆಯ ಯಂತ್ರದವರೆಗೆ ಅದೇ ಓಡಾಡುತ್ತಿದೆ. ಕಳಿಸುವವನು ಒಂದು ವಿಷಯದ ಹೆಸರಿನಡಿ ಸಂದೇಶವನ್ನು ನಡುವಿನ ಬ್ರೋಕರ್‌ಗೆ ಒಪ್ಪಿಸುತ್ತಾನೆ, ಬ್ರೋಕರ್ ಅದನ್ನು ಆ ವಿಷಯಕ್ಕೆ ಚಂದಾದಾರರಾದ ಎಲ್ಲರಿಗೂ ಹಂಚುತ್ತದೆ. ಪತ್ರಿಕೆ ಹಂಚುವವರಿಗೆ ಈ ವ್ಯವಸ್ಥೆಯನ್ನು ವಿವರಿಸುವ ಅಗತ್ಯವಿಲ್ಲ.

ಇಲ್ಲಿಯೂ ಹಳತು ನುಸುಳುವ ಒಂದು ಕಿಂಡಿಯಿದೆ. ಹೊಸದಾಗಿ ಚಂದಾದಾರನಾದವನಿಗೆ ಮುಂದಿನ ಸಂದೇಶದವರೆಗೆ ಖಾಲಿ ಪರದೆ ತೋರಿಸಬಾರದೆಂದು ಬ್ರೋಕರ್ ಕೊನೆಯ ಸಂದೇಶವೊಂದನ್ನು ಉಳಿಸಿಟ್ಟುಕೊಳ್ಳಬಹುದು, ಬಂದವರಿಗೆಲ್ಲ ಮೊದಲು ಅದನ್ನೇ ಕೊಡುತ್ತದೆ. ಒಂದು ನೀರಿನ ತೊಟ್ಟಿಯಲ್ಲಿ ಮಾಪಕವೊಂದಿದೆ ಎಂದುಕೊಳ್ಳಿ. ಸೋಮವಾರ ಅದು ‘ಮುಕ್ಕಾಲು ತುಂಬಿದೆ’ ಎಂದು ಕಳಿಸಿ, ಬ್ಯಾಟರಿ ಮುಗಿದು ಸತ್ತಿತು. ಗುರುವಾರ ಆ್ಯಪ್ ತೆರೆದವರಿಗೂ ತೊಟ್ಟಿ ಮುಕ್ಕಾಲು ತುಂಬಿಯೇ ಇರುತ್ತದೆ. ಆ ಸಂದೇಶಕ್ಕೆ ‘ಇದು ಉಳಿಸಿಟ್ಟದ್ದು’ ಎಂಬ ಒಂದು ಗುರುತು ಇರುತ್ತದೆ, ಆದರೆ ಯಾವ ದಿನ ಉಳಿಸಿಟ್ಟದ್ದು ಎಂದು ಪ್ರೊಟೊಕಾಲ್ ತಾನಾಗಿ ಬರೆಯುವುದಿಲ್ಲ. ಕಳಿಸುವವರೇ ಸಂದೇಶದೊಳಗೆ ವೇಳೆಯನ್ನು ಸೇರಿಸಬೇಕು. 2019ರಲ್ಲಿ ಮಾನಕವಾದ ಐದನೆಯ ಆವೃತ್ತಿಯಲ್ಲಿ ಸಂದೇಶಕ್ಕೆ ಅವಧಿ ಕಟ್ಟುವ ಅವಕಾಶ ಬಂದಿದೆ. ಅದಕ್ಕಿಂತ ಹಳೆಯದಾದ ಇನ್ನೊಂದು ಸೊಗಸಾದ ಉಪಾಯವೂ ಇದೆ: ಸಂಪರ್ಕಕ್ಕೆ ಬರುವಾಗಲೇ ಸಾಧನ ತನ್ನ ಉಯಿಲನ್ನು ಬ್ರೋಕರ್ ಕೈಗೆ ಕೊಟ್ಟಿರುತ್ತದೆ, ಹೇಳದೆ ಕೇಳದೆ ಅದು ಕಣ್ಮರೆಯಾದರೆ ಬ್ರೋಕರ್ ಆ ಉಯಿಲನ್ನು ಎಲ್ಲರಿಗೂ ಓದಿ ಹೇಳುತ್ತದೆ. ಉಯಿಲು ಎಂಬುದು ನನ್ನ ಅಲಂಕಾರವಲ್ಲ, ಪ್ರೊಟೊಕಾಲ್‌ನಲ್ಲಿಯೇ ಅದಕ್ಕೆ ಆ ಅರ್ಥದ ಹೆಸರಿದೆ. ನಾನು ಪರಿಶೀಲಿಸಿದ ಹಲವು ಸಾಧನಗಳು ಉಯಿಲನ್ನೂ ಬರೆದಿರಲಿಲ್ಲ, ವೇಳೆಯನ್ನೂ ನಮೂದಿಸಿರಲಿಲ್ಲ.

ತ್ವರಿತವಾಗಿ ತಲುಪಿಸುವುದೊಂದೇ ಗುರಿಯಾಗಬಾರದು ಎಂಬುದಕ್ಕೆ ಬೇರೆ ದಿಕ್ಕಿನಿಂದಲೂ ಒಂದು ನಿದರ್ಶನವಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ದೋಷವಿದ್ದ ಒಂದು ಪುಟ್ಟ ದತ್ತಾಂಶ ಕಡತ ಲೋಕದಾದ್ಯಂತ ಏಕಕಾಲಕ್ಕೆ ಹಂಚಿಕೆಯಾಯಿತು. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದುಬಿದ್ದಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅಲ್ಲಿ ವಿತರಣೆಯಲ್ಲಿ ಎಳ್ಳಷ್ಟೂ ತಡವಾಗಲಿಲ್ಲ. ಮೊದಲು ಕೆಲವರಿಗೆ ಕೊಟ್ಟು ನೋಡಿ ನಂತರ ಉಳಿದವರಿಗೆ ಕೊಟ್ಟಿದ್ದರೆ ಎಷ್ಟೋ ಯಂತ್ರಗಳು ಉಳಿಯುತ್ತಿದ್ದವು.

ವೇಳೆ ನಮೂದಿಸುವುದಕ್ಕೆ ನನ್ನ ಸಹೋದ್ಯೋಗಿಗಳು ಎತ್ತುವ ಆಕ್ಷೇಪಗಳನ್ನೂ ಇಲ್ಲಿ ಹೇಳಬೇಕು. ಗಡಿಯಾರಗಳನ್ನು ನಂಬುವುದು ಹೇಗೆ ಎಂಬುದು ಮೊದಲನೆಯದು. ಬೇರೆ ಬೇರೆ ಯಂತ್ರಗಳ ಗಡಿಯಾರಗಳು ಪರಸ್ಪರ ಹೊಂದುವುದಿಲ್ಲ, ಹಾಗಾಗಿ ಗಡಿಯಾರವನ್ನು ನೆಚ್ಚದೆ ಘಟನೆಗಳ ಹಿಂದುಮುಂದನ್ನು ನಿರ್ಧರಿಸುವ ಬಗೆಯನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ತೋರಿಸಿಕೊಟ್ಟರು ಎಂಬುದೆಲ್ಲ ನಿಜ. ಎರಡು ಡೇಟಾಬೇಸ್‌ಗಳಲ್ಲಿ ಯಾವ ಬರಹ ಮೊದಲು ಎಂದು ತೀರ್ಮಾನಿಸುವಾಗ ಮಿಲಿಸೆಕೆಂಡ್ ವ್ಯತ್ಯಾಸವೂ ಮುಖ್ಯ. ಆದರೆ ಓದುಗನಿಗೆ ಬೇಕಾದದ್ದು ಮಿಲಿಸೆಕೆಂಡ್ ಅಲ್ಲ. ಇದು ಐದು ನಿಮಿಷದ ಹಿಂದಿನದೋ ಐದು ಗಂಟೆಯ ಹಿಂದಿನದೋ ಎಂದು ತಿಳಿದರೆ ಸಾಕು. ಡೇವಿಡ್ ಮಿಲ್ಸ್ 1985ರಲ್ಲಿ ಮುಂದಿಟ್ಟ ಎನ್‌ಟಿಪಿ ವ್ಯವಸ್ಥೆ ಸಾಮಾನ್ಯ ಅಂತರ್ಜಾಲ ಸಂಪರ್ಕದಲ್ಲೂ ಗಡಿಯಾರಗಳನ್ನು ಸೆಕೆಂಡಿನ ಸಣ್ಣ ಭಾಗದಷ್ಟು ವ್ಯತ್ಯಾಸದೊಳಗೆ ಇಡುತ್ತದೆ. ನಮ್ಮ ಕೆಲಸಕ್ಕೆ ಅದು ಬೇಕಾದಷ್ಟಾಯಿತು.

ಎರಡನೆಯ ಆಕ್ಷೇಪ ಸಿದ್ಧಾಂತದ ವೇಷದಲ್ಲಿ ಬರುತ್ತದೆ. ಜಾಲ ಮಧ್ಯೆ ಕಡಿದುಹೋದಾಗ ಒಂದು ವ್ಯವಸ್ಥೆ ಒಂದೋ ಉತ್ತರ ಕೊಡಲು ನಿರಾಕರಿಸಬೇಕು, ಇಲ್ಲವೇ ಹಳತಾಗಿರಬಹುದಾದ ಉತ್ತರವನ್ನು ಕೊಡಬೇಕು, ಎರಡರಿಂದಲೂ ಪಾರಾಗುವ ದಾರಿಯಿಲ್ಲ ಎಂದು ಎರಿಕ್ ಬ್ರೂವರ್ 2000ದಲ್ಲಿ ಊಹಿಸಿ ಹೇಳಿದರು; 2002ರಲ್ಲಿ ಸೆತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಸಾಧಿಸಿ ತೋರಿಸಿದರು. ಹಳತು ಅನಿವಾರ್ಯವೆಂದ ಮೇಲೆ ಅದರ ಬಗ್ಗೆ ಗೋಳಾಡಿ ಏನು ಪ್ರಯೋಜನ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಆ ಪ್ರಮೇಯ ಹಳೆಯ ಉತ್ತರವನ್ನು ಹಳೆಯದೆಂದು ಹೇಳಿ ಕೊಡುವುದಕ್ಕೆ ಎಲ್ಲಿಯೂ ಅಡ್ಡಿ ಮಾಡಿಲ್ಲ. ಪತ್ರಿಕೆಗಳು ಇದನ್ನು ಯಾವ ಪ್ರಮೇಯವೂ ಇಲ್ಲದೆ ಎಂದಿನಿಂದಲೋ ಮಾಡಿಕೊಂಡು ಬಂದಿವೆ. ಪುಟ ಪುಟದ ನೆತ್ತಿಯ ಮೇಲೂ ದಿನಾಂಕವಿರುತ್ತದೆ. ಸುದ್ದಿ ಇನ್ನೂ ಬೆಳೆಯುತ್ತಿದ್ದರೆ ‘ಪತ್ರಿಕೆ ಮುದ್ರಣಕ್ಕೆ ಹೋಗುವ ವೇಳೆಗೆ ಕಾರ್ಯಾಚರಣೆ ಮುಂದುವರಿದಿತ್ತು’ ಎಂದು ವರದಿಗಾರ ಬರೆಯುತ್ತಾನೆ. ಆ ಒಂದು ಸಾಲಿನಿಂದ ಓದುಗ ತನ್ನ ಕೈಯಲ್ಲಿರುವುದು ಯಾವ ಹೊತ್ತಿನ ಚಿತ್ರವೆಂದು ತಿಳಿದು, ಬೇಕಿದ್ದರೆ ಮುಂದೇನಾಯಿತೆಂದು ಬೇರೆಡೆ ವಿಚಾರಿಸುತ್ತಾನೆ. ಸೆಕೆಂಡಿನೊಳಗೆ ಲೋಕ ಸುತ್ತುವ ಮಾಧ್ಯಮಕ್ಕೆ ಈ ಪ್ರಾಮಾಣಿಕತೆ ಇಲ್ಲದಿರುವುದು ನನಗೆ ಸೋಜಿಗ.

ಮೂರನೆಯ ಆಕ್ಷೇಪವನ್ನು ಯಾರೂ ಬರೆದು ಕೊಡುವುದಿಲ್ಲ, ಸಭೆಗಳಲ್ಲಿ ಬಾಯಿಮಾತಿನಲ್ಲಿ ಹೇಳುತ್ತಾರೆ: ‘ಎರಡು ಗಂಟೆ ಹಿಂದಿನದು’ ಎಂದು ಬರೆದರೆ ಆ್ಯಪ್ ಹಳೆಯ ಕಾಲದ್ದು ಅನ್ನಿಸುತ್ತದೆ, ಜನ ಬೇರೆಯದಕ್ಕೆ ಹೋಗುತ್ತಾರೆ. ನಿಜವಾದ ಕಾರಣ ಬಹುಶಃ ಇದೊಂದೇ.

ನಾನು ಬಯಸುವುದು ದೊಡ್ಡದೇನಲ್ಲ. ದತ್ತಾಂಶ ಹುಟ್ಟುವ ಕಡೆಯಲ್ಲೇ, ಅದು ಡೇಟಾಬೇಸ್‌ಗೆ ಸೇರುವಾಗಲೇ ಅದರ ಜೊತೆ ವೇಳೆಯೊಂದು ಸೇರಬೇಕು. ದಾರಿಯಲ್ಲಿ ಎಷ್ಟು ಕೈ ದಾಟಿದರೂ ಆ ವೇಳೆಯನ್ನು ಯಾರೂ ಅಳಿಸಿ ತಮ್ಮದನ್ನು ಬರೆಯಬಾರದು. ತಾವು ಪಡೆದ ವೇಳೆಯನ್ನು ದಾಖಲಿಸಬೇಕಿದ್ದರೆ ಪಕ್ಕದಲ್ಲಿ ಬರೆದುಕೊಳ್ಳಲಿ. ಕೊನೆಯಲ್ಲಿ ಆ್ಯಪ್ ಆ ಮೊದಲ ವೇಳೆಯನ್ನೇ ಪರದೆಯಲ್ಲಿ ತೋರಿಸಬೇಕು, ಓದಲು ಭೂತಗನ್ನಡಿ ಬೇಕಾಗದಷ್ಟು ದೊಡ್ಡ ಅಕ್ಷರದಲ್ಲಿ. ಔಷಧದ ದಾಸ್ತಾನು, ಪ್ರವಾಹದ ಎಚ್ಚರಿಕೆ, ಆಸ್ಪತ್ರೆಯ ಖಾಲಿ ಹಾಸಿಗೆಗಳಂಥ ವಿಷಯಗಳಲ್ಲಾದರೂ ಇದನ್ನು ಕಡ್ಡಾಯ ಮಾಡುವ ಕಾಲ ಬಂದಿದೆ. ನಾನು ಬರೆದ ತಂತ್ರಾಂಶಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಇದನ್ನು ಪಾಲಿಸುತ್ತಿದ್ದೇನೆ. ಒಂದು ಸಂದೇಶಕ್ಕೆ ಹೆಚ್ಚಾಗುವ ಭಾರ ಎಂಟು ಬೈಟ್‌ಗಳಷ್ಟು.

ಇನ್ನು ತಮ್ಮದೇ ಪತ್ರಿಕೆಯ ಆ್ಯಪ್‌ನ ವಿಷಯ. ಅದರ ಮುಖಪುಟದ ಬಲಮೂಲೆಯಲ್ಲಿ ಹವಾಮಾನದ ಒಂದು ಪುಟ್ಟ ಚೌಕವಿದೆ. ಈ ಪತ್ರ ಬರೆಯುತ್ತಿರುವಾಗ ಅದರಲ್ಲಿ ಪ್ರಖರವಾದ ಸೂರ್ಯನ ಚಿತ್ರವಿದೆ, ನನ್ನ ಕಿಟಕಿಯ ಹೊರಗೆ ಅರ್ಧ ಗಂಟೆಯಿಂದ ಮಳೆ ಸುರಿಯುತ್ತಿದೆ. ಕುತೂಹಲಕ್ಕೆ ಆ ಚೌಕಕ್ಕೆ ಬಂದ ಉತ್ತರದ ಹೆಡರ್‌ಗಳನ್ನು ತೆಗೆದು ನೋಡಿದೆ. ಏಜ್ 10,800 ಎಂದಿತ್ತು, ಅಂದರೆ ಮೂರು ಗಂಟೆ. ಸೂರ್ಯನ ಚಿತ್ರದ ಕೆಳಗೆ ಆ ವೇಳೆಯನ್ನು ಹಾಕುವಂತೆ ತಮ್ಮ ತಾಂತ್ರಿಕ ವಿಭಾಗದವರಿಗೆ ಒಂದು ಮಾತು ಹೇಳುವಿರಾದರೆ ಉಪಕಾರವಾಗುತ್ತದೆ.

ಇತಿ,
ತಮ್ಮ ವಿಶ್ವಾಸದ ಓದುಗ